ಬಾಡಿಗೆ ಮನೆಯ ವೈರಿಂಗ್: ಎಲ್ಲಿಯವರೆಗೆ ನಮ್ಮದು, ಎಲ್ಲಿಂದ ಮಾಲೀಕರದು?

ಪ್ರಶ್ನೆ: ಬಾಡಿಗೆ ಅಪಾರ್ಟ್‌ಮೆಂಟಿಗೆ ಬಂದು ನಾಲ್ಕು ತಿಂಗಳಾಯಿತು. ಕಟ್ಟಡ ಹಳೆಯದು. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಇಟ್ಟಿರುವಾಗ ಕೆಟಲ್ ಕೂಡ ಹಾಕಿದರೆ ಸ್ವಲ್ಪ ಹೊತ್ತಿಗೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ‘ಇದು 10 ಆಂಪ್, ತೆಗೆದು 20 ಹಾಕೋಣ, ಐದು ನಿಮಿಷದ ಕೆಲಸ’ ಎನ್ನುತ್ತಾರೆ. ಮಲಗುವ ಕೋಣೆಗೆ ಎಸಿ ಪಾಯಿಂಟ್ ಬೇಕು, ಕೆಲಸದ ಮೇಜಿನ ಹತ್ತಿರ ಸಾಕೆಟ್ ಬೇಕು, ಸ್ವಿಚ್‌ಗಳನ್ನು ಸ್ಮಾರ್ಟ್ ಮಾಡಿಸುವ ಆಸೆಯೂ ಇದೆ. ಮಾಲೀಕರು ಫೋನಿನಲ್ಲಿ ‘ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಿ’ ಎಂದಿದ್ದಾರೆ. ಇದರಲ್ಲಿ ನಾನೇ ಮಾಡಬಹುದಾದದ್ದು ಎಷ್ಟು? ಅಂದ ಹಾಗೆ, ಇಂಡಕ್ಷನ್ ಹಾಕಿದಾಗ ಕೆಲವೊಮ್ಮೆ ಹಾಲಿನ ದೀಪದ ಬೆಳಕು ಹೆಚ್ಚುತ್ತದೆ, ಫ್ಯಾನ್ ಜೋರಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ನೀವು ಕೊನೆಗೆ ‘ಅಂದ ಹಾಗೆ’ ಎಂದು ಸೇರಿಸಿದ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದವು ಒಂದು ವಾರ ಕಾಯಬಹುದು, ಇದು ಕಾಯಬಾರದು.

ದೊಡ್ಡ ಲೋಡ್ ಹಾಕಿದಾಗ ದೀಪ ಒಂದು ಕ್ಷಣ ಮಂಕಾದರೆ ಅದು ತಂತಿಯಲ್ಲಿ ಆಗುವ ವೋಲ್ಟೇಜ್ ಇಳಿತ. ತುಸುವೇ ಆದರೆ ಗಾಬರಿ ಬೇಡ. ಆದರೆ ಒಂದು ಕಡೆ ಲೋಡ್ ಹೆಚ್ಚಿದಾಗ ಇನ್ನೊಂದು ಕಡೆ ಬೆಳಕು ಹೆಚ್ಚುವುದು ಬೇರೆಯದೇ ಸಂಗತಿ. ನಿಮ್ಮ ಮನೆಗೆ ಒಂದಕ್ಕಿಂತ ಹೆಚ್ಚು ಫೇಸ್ (ಕರೆಂಟ್ ತರುವ ತಂತಿ) ಬಂದಿರಬೇಕು, ಅವೆಲ್ಲಕ್ಕೂ ಸೇರಿದ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಎಲ್ಲೋ ಸಡಿಲಾಗಿರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುವ ವ್ಯವಸ್ಥೆಯಲ್ಲಿ ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಪ್ರತಿ ಫೇಸ್‌ಗೂ ತನ್ನ 230 ಸಿಗುತ್ತದೆ. ಅದು ಕಳಚಿತೋ, ಭಾರ ಹೆಚ್ಚಿರುವ ಫೇಸ್‌ನಲ್ಲಿ ವೋಲ್ಟೇಜ್ ಕುಸಿದು, ಭಾರ ಕಡಿಮೆ ಇರುವ ಕಡೆ 300ನ್ನೂ ದಾಟಬಹುದು. ಟಿವಿ, ಫ್ರಿಜ್, ಚಾರ್ಜರ್‌ಗಳು ಒಂದೇ ಏಟಿಗೆ ಸುಟ್ಟುಹೋಗುವುದು ಹೀಗೆಯೇ. ಎಂಸಿಬಿ ಇದನ್ನು ಕಾಣುವುದಿಲ್ಲ, ಏಕೆಂದರೆ ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನು ಅಲ್ಲ. ಇಂದೇ ಮಾಲೀಕರಿಗೂ ಕಟ್ಟಡದ ನಿರ್ವಹಣೆಯವರಿಗೂ ಬರೆದು ತಿಳಿಸಿ. ಸರಿಯಾಗುವವರೆಗೆ ಇಂಡಕ್ಷನ್ ಹಾಕಬೇಡಿ, ಬೆಲೆಬಾಳುವ ಉಪಕರಣಗಳ ಪ್ಲಗ್ ಕಿತ್ತಿಡಿ. ಬೆಳಕು ಮತ್ತೆ ಏರಿದ್ದು ಕಂಡರೆ ಮೇನ್ ಇಳಿಸಿ. ಈ ದುರಸ್ತಿ ನಿಮ್ಮದಲ್ಲ, ನಿಮ್ಮ ಖರ್ಚೂ ಅಲ್ಲ. ಡಿಬಿಯಿಂದ, ಎಂದರೆ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಿಂದ, ಹಿಂದಕ್ಕೆ ಇರುವ ದೋಷ ನೀವು ಮುಟ್ಟುವಂಥದ್ದೇ ಅಲ್ಲ.

ಇನ್ನು ಎಂಸಿಬಿ. ನಿಮ್ಮ ಪರಿಚಯದವರು ಹೇಳಿದ ಐದು ನಿಮಿಷದ ಕೆಲಸವನ್ನು ದಯವಿಟ್ಟು ಮಾಡಿಸಬೇಡಿ. ನಾನು ಕಂಡ ಸುಟ್ಟ ಸ್ವಿಚ್‌ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಮೂಲ ಇಂಥದ್ದೇ ಐದು ನಿಮಿಷ.

ಎಂಸಿಬಿ ಇರುವುದು ಇಂಡಕ್ಷನ್ ಒಲೆಯನ್ನು ಕಾಪಾಡುವುದಕ್ಕಲ್ಲ, ನಿಮ್ಮನ್ನು ಶಾಕ್‌ನಿಂದ ಕಾಪಾಡುವುದಕ್ಕೂ ಅಲ್ಲ. ಅದು ಕಾಪಾಡುವುದು ಗೋಡೆಯೊಳಗಿನ ತಂತಿಯನ್ನು. ಲೆಕ್ಕ ಹಾಕಿ ನೋಡೋಣ. 2000 ವಾಟ್ ಒಲೆಗೆ 230 ವೋಲ್ಟಿನಲ್ಲಿ 8.7 ಆಂಪ್ ಬೇಕು. 1500 ವಾಟ್ ಕೆಟಲ್‌ಗೆ 6.5. ಎರಡೂ ಸೇರಿದರೆ 15.2 ಆಂಪ್. 10 ಆಂಪ್ ಎಂಸಿಬಿ 10 ದಾಟಿದ ಕೂಡಲೇ ಬೀಳುವುದಿಲ್ಲ. ಹಾಗೆ ಬೀಳುವಂತೆ ಅದನ್ನು ಮಾಡಿಯೂ ಇಲ್ಲ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಮನೆಬಳಕೆಯ ಎಂಸಿಬಿ ತನ್ನ ಅಂಕಿಯ 1.13 ಪಟ್ಟು ಕರೆಂಟನ್ನು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು, 1.45 ಪಟ್ಟಿಗೆ ಒಂದು ಗಂಟೆಯ ಒಳಗೆ ಬೀಳಲೇಬೇಕು. ನಿಮ್ಮದು ಒಂದೂವರೆ ಪಟ್ಟು ಹೊರೆ. ಸ್ವಲ್ಪ ಹೊತ್ತಿಗೆ ಬೀಳುತ್ತಿದೆ ಎಂದರೆ ಒಳಗಿನ ಲೋಹದ ಪಟ್ಟಿ ಬಿಸಿಗೆ ಬಾಗಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದು ಕೆಟ್ಟಿಲ್ಲ.

ಈಗ ಅದೇ ಜಾಗಕ್ಕೆ 20 ಬಂತು ಎನ್ನಿ. ಅದು 22.6 ಆಂಪ್‌ವರೆಗೆ ಗಂಟೆಗಟ್ಟಲೆ ಸುಮ್ಮನಿರಬಹುದು, 29 ಆಂಪ್ ಹರಿದರೂ ಬೀಳಲು ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಳ್ಳಬಹುದು. ಹಿಂದಿರುವ ತಂತಿ 1.5 ಚದರ ಮಿ.ಮೀ. ತಾಮ್ರದ್ದಾದರೆ, ಗೋಡೆಯೊಳಗಿನ ಪೈಪಿನಲ್ಲಿ ಅದು ಸುರಕ್ಷಿತವಾಗಿ ಹೊರುವುದು ಸುಮಾರು 14ರಿಂದ 17 ಆಂಪ್. ಪೈಪಿನಲ್ಲಿ ತಂತಿಗಳು ಹೆಚ್ಚಿದ್ದರೆ, ಸೆಕೆ ಹೆಚ್ಚಿದ್ದರೆ ಇನ್ನೂ ಕಡಿಮೆ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ. ಹದಿನೈದರ ಬದಲು ಇಪ್ಪತ್ತೆರಡು ಹರಿದರೆ ತಂತಿಯಲ್ಲಿ ಹುಟ್ಟುವ ಶಾಖ ಎರಡು ಪಟ್ಟಿಗೂ ಹೆಚ್ಚು. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿ ದಿನವೂ ಬೇಯುತ್ತಿದ್ದರೆ ಹೊದಿಕೆ ಗಡುಸಾಗಿ, ಬಿರುಕು ಬಿಟ್ಟು, ಒಂದು ದಿನ ಎರಡು ತಂತಿಗಳ ನಡುವೆ ಏನೂ ಉಳಿದಿರುವುದಿಲ್ಲ. ಇಷ್ಟೂ ನಡೆಯುವುದು ಸಿಮೆಂಟಿನ ಹಿಂದೆ, ಯಾರ ಕಣ್ಣಿಗೂ ಬೀಳದೆ.

ತಂತಿ 2.5 ಚದರ ಮಿ.ಮೀ. ಇದ್ದು, ಡಿಬಿಯಿಂದ ಸಾಕೆಟ್‌ವರೆಗೂ ಎಲ್ಲ ತುಂಡುಗಳೂ ಅದೇ ದಪ್ಪದವಾಗಿದ್ದು, ಸಾಕೆಟ್ 16 ಆಂಪ್‌ನದಾಗಿದ್ದರೆ ಆಗ 16 ಆಂಪ್ ಎಂಸಿಬಿಯ ಮಾತು ಆಡಬಹುದು. ಅದನ್ನು ಎಲೆಕ್ಟ್ರಿಷಿಯನ್ ಎರಡೂ ತುದಿ ಬಿಚ್ಚಿ ನೋಡಿಯೇ ಹೇಳಬೇಕು. ಡಿಬಿಯ ಬಾಯಲ್ಲಿ ದಪ್ಪ ತಂತಿ ಕಂಡು, ಮಧ್ಯದ ಪೆಟ್ಟಿಗೆಯಿಂದ ಮುಂದೆ ಸಣ್ಣದಕ್ಕೆ ಸೇರಿಸಿರುವುದು ಹಳೆಯ ಮನೆಗಳಲ್ಲಿ ಅಪರೂಪವೇನಲ್ಲ. ನ್ಯೂಟ್ರಲ್ ಸರಿಯಾಗಿ ಒಲೆ ಮತ್ತೆ ಶುರುವಾದರೂ ಅಲ್ಲಿಯವರೆಗೆ ಒಲೆ ಇದ್ದಾಗ ಕೆಟಲ್ ಬೇಡ, ಅಥವಾ ಬೇರೆ ಎಂಸಿಬಿಯ ಮೇಲಿರುವ ಸಾಕೆಟ್‌ನಲ್ಲಿ ಕೆಟಲ್ ಇಡಿ. ಯಾವ ಸಾಕೆಟ್ ಯಾವ ಎಂಸಿಬಿಗೆ ಸೇರಿದೆ ಎಂದು ಒಂದು ರಜೆಯ ದಿನ ಒಂದೊಂದನ್ನೇ ಇಳಿಸಿ ಗುರುತು ಹಾಕಿಕೊಳ್ಳಿ. ಬಾಡಿಗೆ ಮನೆಗೆ ಬಂದವರು ಮೊದಲು ಮಾಡಬೇಕಾದ ವಿದ್ಯುತ್ ಕೆಲಸ ನನ್ನ ಪ್ರಕಾರ ಇದೊಂದೇ, ಮತ್ತು ಇದಕ್ಕೆ ಯಾರ ಅನುಮತಿಯೂ ಬೇಡ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಎಷ್ಟು ನಾನೇ ಮಾಡಬಹುದು ಎಂದು ಕೇಳುವವರು ಸಾಮಾನ್ಯವಾಗಿ ಚಿಕ್ಕ ಕೆಲಸ, ದೊಡ್ಡ ಕೆಲಸ ಎಂದು ಭಾಗ ಮಾಡುತ್ತಾರೆ. ನಾನು ಗೆರೆ ಎಳೆಯುವುದು ಸಾಕೆಟ್‌ನ ಮುಖದ ಮೇಲೆ. ಪ್ಲಗ್ ಚುಚ್ಚಿ ಬಳಸುವುದೆಲ್ಲ ನಿಮ್ಮದು. ಬಲ್ಬ್ ಬದಲಿಸುವುದು, ಟೇಬಲ್ ಲ್ಯಾಂಪ್, ಪ್ಲಗ್ ಇರುವ ತೂಗುದೀಪ, ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್, ಇವಕ್ಕೆ ಯಾರನ್ನೂ ಕೇಳಬೇಕಿಲ್ಲ. ಆ ಮುಖ ಬಿಚ್ಚಿದ ಕೂಡಲೇ ನೀವು ಮಾಲೀಕರ ಆಸ್ತಿಯೊಳಗೆ ಕೈ ಹಾಕಿದಂತೆ. ಅಷ್ಟೇ ಅಲ್ಲ, ನಿಮ್ಮ ನಂತರ ಆ ಮನೆಗೆ ಬರುವವರ ಬದುಕಿನೊಳಗೂ ಕೈ ಹಾಕಿದಂತೆ.

ಇದನ್ನು ದೊಡ್ಡ ಮಾತಾಗಿ ಹೇಳುತ್ತಿಲ್ಲ. ಒಮ್ಮೆ ಒಂದು ಬಾಡಿಗೆ ಮನೆಗೆ, ವಾಷಿಂಗ್ ಮಷೀನ್ ಮುಟ್ಟಿದರೆ ‘ಜುಂ’ ಎನ್ನುತ್ತದೆ ಎಂಬ ದೂರಿಗೆ ಹೋಗಿದ್ದೆ. ಸಾಕೆಟ್‌ಗೆ ಚುಚ್ಚಿ ನೋಡುವ ಮೂರು ದೀಪದ ಟೆಸ್ಟರ್ ‘ಎಲ್ಲ ಸರಿ’ ಎಂದು ತೋರಿಸಿತು. ಮುಖ ಬಿಚ್ಚಿದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ತಂತಿಯೇ ಇಲ್ಲ. ಬದಲಿಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಬೆರಳುದ್ದದ ಒಂದು ತುಂಡು ತಂತಿ. ಹಿಂದಿನ ಬಾಡಿಗೆದಾರರ ಕಾಲದಲ್ಲಿ ಯಾರೋ ಮೂರು ಪಿನ್ನಿನ ಸಾಕೆಟ್ ಬೇಕೆಂದಾಗ ಹಾಗೆ ಕೂರಿಸಿಕೊಟ್ಟಿದ್ದರು. ನ್ಯೂಟ್ರಲ್ ಗಟ್ಟಿಯಿದ್ದಷ್ಟು ಕಾಲ ಏನೂ ಆಗಲಿಲ್ಲ. ಅದು ಸಡಿಲಾದ ದಿನ, ಮಷೀನಿನ ಒಳಗಿನಿಂದ ಹಿಂತಿರುಗಬೇಕಾದ ಕರೆಂಟ್ ದಾರಿ ಸಿಗದೆ ಅದೇ ತುಂಡಿನ ಮೂಲಕ ತಗಡಿನ ಮೈಗೆ ಬಂತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟುತ್ತಿದ್ದವರಿಗೆ ಆ ತುಂಡು ತಂತಿಯ ಸುದ್ದಿ ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಹಾಕಿದವರಿಗೂ ಮುಂದಾದದ್ದು ಗೊತ್ತಾಗಿರಲಿಕ್ಕಿಲ್ಲ. ಸ್ವಂತ ಮನೆಯಲ್ಲಾದರೆ ತಾನು ಮಾಡಿದ ತಪ್ಪಿನ ಜೊತೆ ತಾನೇ ಬಾಳುತ್ತಾನೆ. ಬಾಡಿಗೆ ಮನೆಯಲ್ಲಿ ಹಾಗಲ್ಲ. ಅದಕ್ಕೇ ಇಲ್ಲಿ ನನ್ನ ಕಟ್ಟುನಿಟ್ಟು ಹೆಚ್ಚು.

ಎಸಿ ಪಾಯಿಂಟ್ ಗೆರೆಯ ಆಚೆಯ ಕೆಲಸ, ಸಂಶಯವೇ ಬೇಡ. ಒಂದೂವರೆ ಟನ್ ಎಸಿ ಓಡುವಾಗ ಸಾಮಾನ್ಯವಾಗಿ 7–8 ಆಂಪ್ ಎಳೆಯುತ್ತದೆ. ಇನ್ವರ್ಟರ್ ಮಾದರಿಯಲ್ಲದ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಅಂಕಿ ನೋಡಿದರೆ ಕೋಣೆಯಲ್ಲಿರುವ ಸಾಕೆಟ್ಟೇ ಸಾಕೇನೋ ಎನಿಸುತ್ತದೆ. ಆದರೆ ಎಸಿ ಕೆಟಲ್‌ನಂತೆ ಮೂರು ನಿಮಿಷಕ್ಕೆ ನಿಲ್ಲುವುದಿಲ್ಲ, ರಾತ್ರಿಯಿಡೀ ಓಡುತ್ತದೆ. ತಂತಿಗೂ ಜೋಡಣೆಗೂ ತಣಿಯಲು ಬಿಡುವೇ ಸಿಗುವುದಿಲ್ಲ. ಆದ್ದರಿಂದ ಡಿಬಿಯಿಂದ ನೇರ ಪ್ರತ್ಯೇಕ ಲೈನ್ ಬೇಕು, ದೂರ ಮತ್ತು ಲೋಡ್ ನೋಡಿ 2.5 ಅಥವಾ 4 ಚದರ ಮಿ.ಮೀ. ತಾಮ್ರ ಬೇಕು, ತಂತಿಗೆ ತಕ್ಕ ಎಂಸಿಬಿ ಬೇಕು, ಡಿಬಿಯವರೆಗೆ ಕಡಿಯದೆ ಹೋಗುವ ಅರ್ಥ್ ಬೇಕು. ಲೈನ್ ಆರ್‌ಸಿಸಿಬಿಯ ಕೆಳಗೆ ಬರಲಿ. ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ಹಿಂದೆ ಬಂದದ್ದಕ್ಕೂ 30 ಮಿಲಿಆಂಪ್ ವ್ಯತ್ಯಾಸ ಕಂಡರೆ ಅದು 0.3 ಸೆಕೆಂಡಿನೊಳಗೆ ಕಡಿಯುತ್ತದೆ. ಮನುಷ್ಯರನ್ನು ಕಾಪಾಡುವ ಸಾಧನ ಎಂದರೆ ಇದು. ನಿಮ್ಮ ಡಿಬಿಯಲ್ಲಿ ಅದು ಇಲ್ಲದಿದ್ದರೆ, ಎಸಿಗಿಂತ ಮೊದಲು ಅದನ್ನೇ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿ. ಇಡೀ ಮನೆಗೆ ಮಂಜೂರಾದ ಲೋಡ್ ಎಷ್ಟು ಎಂಬುದನ್ನೂ ಅವರಿಂದಲೇ ತಿಳಿಯಬೇಕು.

ಗೋಡೆ ಕೊರೆದು ಕನ್ಸೀಲ್ಡ್ ಮಾಡಿಸಬೇಡಿ. ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿಸಿ. ನೋಡಲು ಸ್ವಲ್ಪ ಒಡ್ಡೊಡ್ಡು ಎನಿಸಬಹುದು, ಆದರೆ ಬಾಡಿಗೆ ಮನೆಗೆ ಅದಕ್ಕಿಂತ ಒಳ್ಳೆಯ ವಿಧಾನ ಇಲ್ಲ: ತಂತಿ ಎಲ್ಲಿದೆ ಎಂದು ಎಲ್ಲರಿಗೂ ಕಾಣುತ್ತದೆ, ಮುಂದೆ ಯಾರೋ ಚಿತ್ರ ತೂಗಲು ಡ್ರಿಲ್ ಹಾಕಿದಾಗ ಅದು ತಂತಿಗೆ ತಾಗುವುದಿಲ್ಲ, ಹೋಗುವಾಗ ಬಿಚ್ಚಿದರೆ ನಾಲ್ಕು ಸ್ಕ್ರೂ ತೂತು ಮಾತ್ರ ಉಳಿಯುತ್ತದೆ. ನೀವೇ ಕಪಾಟಿಗೋ ಪರದೆಗೋ ಡ್ರಿಲ್ ಹಾಕುವುದಿದ್ದರೆ ಸ್ವಿಚ್, ಸಾಕೆಟ್‌ಗಳ ನೇರ ಮೇಲೆ, ಕೆಳಗೆ, ಅಡ್ಡಕ್ಕೆ ಇರುವ ದಾರಿಯನ್ನು ಬಿಟ್ಟುಬಿಡಿ. ತಂತಿಗಳು ಸಾಮಾನ್ಯವಾಗಿ ಹೋಗುವುದು ಅಲ್ಲೇ. ಎಸಿಯ ಹೊರಘಟಕಕ್ಕೆ ಹೊರಗೋಡೆಯಲ್ಲಿ ತೂತು, ಬ್ರಾಕೆಟ್ ಎಲ್ಲ ಬೇಕಾಗುವುದರಿಂದ ಕಟ್ಟಡದ ಸಂಘದ ಒಪ್ಪಿಗೆಯೂ ಬೇಕಾದೀತು.

ಮೇಜಿನ ಬಳಿಯ ಸಾಕೆಟ್ ವಿಷಯ ಸುಲಭ. ಲ್ಯಾಪ್‌ಟಾಪ್, ಮಾನಿಟರ್, ರೌಟರ್, ದೀಪ ಎಲ್ಲ ಸೇರಿಸಿದರೂ ಮುನ್ನೂರು ವಾಟ್ ದಾಟುವುದು ಕಷ್ಟ. ಎಂದರೆ ಒಂದೂವರೆ ಆಂಪ್ ಕೂಡ ಇಲ್ಲ. ಹೊಸ ಪಾಯಿಂಟ್ ಎಳೆಸುವ ಅಗತ್ಯವೇ ಇಲ್ಲ. ಅರ್ಥ್ ಇರುವ, ದಪ್ಪ ಕೇಬಲ್‌ನ, ಓವರ್‌ಲೋಡ್ ಕಟ್ಆಫ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಕೇಬಲ್ಲನ್ನು ಚಾಪೆಯ ಕೆಳಗೆ, ಬಾಗಿಲ ಸಂದಿಯಲ್ಲಿ ಹಾಯಿಸಬೇಡಿ, ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ, ಸುರುಳಿ ಸುತ್ತಿಟ್ಟು ಬಳಸಬೇಡಿ. ರೂಮ್ ಹೀಟರ್ ಮಾತ್ರ ಇದಕ್ಕೆ ಹಾಕಲೇಬಾರದು. ಮೇಜಿನ ಬೋರ್ಡು ಕರಗುವುದು ಹೆಚ್ಚಾಗಿ ಯಾರೋ ಚಳಿಗೆ ಹೀಟರ್ ತಂದು ಸಿಕ್ಕಿಸಿದ ದಿನ.

ಸ್ಮಾರ್ಟ್ ಸ್ವಿಚ್ ಬಗ್ಗೆ ನನ್ನ ಸಲಹೆ: ಬೇಡ, ಬದಲಿಗೆ ಸ್ಮಾರ್ಟ್ ಬಲ್ಬ್, ಸ್ಮಾರ್ಟ್ ಪ್ಲಗ್ ತನ್ನಿ. ಕಾರಣ ಇದೆ. ಹಳೆಯ ಮನೆಗಳ ಸ್ವಿಚ್ ಪೆಟ್ಟಿಗೆಗೆ ಎಷ್ಟೋ ಸಲ ನ್ಯೂಟ್ರಲ್ ಬಂದಿರುವುದೇ ಇಲ್ಲ. ಫೇಸ್ ಬಂದು ಸ್ವಿಚ್ ದಾಟಿ ದೀಪಕ್ಕೆ ಹೋಗುತ್ತದೆ, ಅಷ್ಟೇ. ಆದರೆ ಬಹುತೇಕ ಸ್ಮಾರ್ಟ್ ಸ್ವಿಚ್‌ಗಳು ದೀಪ ಆರಿದಾಗಲೂ ಎಚ್ಚರವಾಗಿರಬೇಕಾದ್ದರಿಂದ ಅವಕ್ಕೆ ನ್ಯೂಟ್ರಲ್ ಬೇಕು. ಅದು ಸಿಗದಾಗ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಡುವವರು ಇದ್ದಾರೆ. ಸ್ವಿಚ್ ಕೆಲಸ ಮಾಡುತ್ತದೆ, ಎಲ್ಲರಿಗೂ ಸಂತೋಷ. ಆದರೆ ಅಂದಿನಿಂದ ಆ ಅರ್ಥ್‌ನಲ್ಲಿ ಸದಾ ಕರೆಂಟ್ ಹರಿಯುತ್ತದೆ, ಮುಂದೆ ಎಲ್ಲೋ ಅದು ಕಡಿದರೆ ಅದಕ್ಕೆ ಸೇರಿದ ಎಲ್ಲ ಲೋಹದ ಮೈಗಳಿಗೂ ಶಾಕ್ ಬರುತ್ತದೆ. ಆರ್‌ಸಿಸಿಬಿ ಇದ್ದರೆ ಅದು ಕಾರಣವಿಲ್ಲದೆ ಬೀಳುತ್ತಿದೆ ಎಂದು ದೂರು ಬರುತ್ತದೆ; ಕಾರಣ ಇದ್ದೇ ಇರುತ್ತದೆ. ಇನ್ನೊಂದು ಸರ್ಕ್ಯೂಟಿನ ನ್ಯೂಟ್ರಲ್ ಕದ್ದು ತಂದರೂ ಆರ್‌ಸಿಸಿಬಿ ಹೀಗೇ ಹಟ ಹಿಡಿಯುತ್ತದೆ. ಬಲ್ಬಿಗೆ, ಪ್ಲಗ್ಗಿಗೆ ಈ ತೊಡಕು ಯಾವುದೂ ಇಲ್ಲ, ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ಗೋಡೆಯ ದೀಪವೋ ಫ್ಯಾನೋ ಬದಲಿಸುವುದಾದರೆ ಮಾಲೀಕರನ್ನು ಕೇಳಿ, ಕೈಪಳಗಿದವರಿಂದಲೇ ಮಾಡಿಸಿ. ನಿಮಗೆ ನಿಜವಾಗಿ ಕೆಲಸ ಗೊತ್ತಿದ್ದು, ನೀವಿರುವ ಊರಿನ ನಿಯಮ ಅದಕ್ಕೆ ಅವಕಾಶ ಕೊಟ್ಟರೂ ಸ್ವಿಚ್ ಆರಿಸಿದ್ದೇನೆ ಎಂದು ಕೈ ಹಾಕಬೇಡಿ. ಯಾರೋ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿದ್ದರೆ, ಆರಿದ ದೀಪದ ಹೋಲ್ಡರ್‌ನಲ್ಲೂ ಫೇಸ್ ಇರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಎಂಸಿಬಿಗಳ ತಂತಿ ಇರಬಹುದು. ಬ್ಯಾಟರಿ ಬ್ಯಾಕಪ್ ಇರುವ ಮನೆಯಲ್ಲಿ ಮೇನ್ ಇಳಿಸಿದ ಮೇಲೂ ಕೆಲವು ಲೈನ್‌ಗಳು ಜೀವಂತ. ಬಣ್ಣವನ್ನೂ ನಂಬುವಂತಿಲ್ಲ: ಕಪ್ಪು ತಂತಿ ಕೆಲವು ದೇಶಗಳ ಹಳೆಯ ಪದ್ಧತಿಯಲ್ಲಿ ನ್ಯೂಟ್ರಲ್, ಅಮೆರಿಕದಲ್ಲಿ ಅದೇ ಫೇಸ್. ಮೀಟರನ್ನು ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಅದೇ ಸಾಕೆಟ್‌ನಲ್ಲಿ ಇನ್ನೊಮ್ಮೆ. ಮಧ್ಯದಲ್ಲಿ ಮೀಟರೇ ಸತ್ತಿದ್ದರೆ ಗೊತ್ತಾಗುವುದು ಮೂರನೆಯ ಪರೀಕ್ಷೆಯಿಂದ ಮಾತ್ರ.

ಯಾರೇ ಮಾಡಲಿ, ಸ್ಕ್ರೂ ಬಿಗಿದಿದೆಯೇ ಎಂದು ತಂತಿಯನ್ನು ಎಳೆದು ನೋಡಲೇಬೇಕು. ಸಡಿಲ ಜೋಡಣೆಯೊಂದರಲ್ಲಿ 0.1 ಓಮ್ ಪ್ರತಿರೋಧ ಇದೆ ಎನ್ನಿ, ತೀರಾ ಅಲ್ಪ. 15 ಆಂಪ್ ಹರಿದಾಗ ಆ ಒಂದು ಬಿಂದುವಿನಲ್ಲಿ 22.5 ವಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಚಿಕ್ಕ ಐರನ್ 25 ವಾಟ್‌ನದು. ಅಂಥದ್ದೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಮೇಲೆ ಸ್ಕ್ರೂ ಹಾಕಿದಂತೆ. ಈ ಬಿಸಿಗೆ ಎಂಸಿಬಿ ಬೀಳುವುದಿಲ್ಲ, ಏಕೆಂದರೆ ಕರೆಂಟ್ ಮಿತಿಯೊಳಗೇ ಇದೆ. ಸ್ವಿಚ್ ಪ್ಲೇಟ್ ಬೆಚ್ಚಗಾಗಿದ್ದರೆ, ಮೀನಿನಂಥ ಕಮಟು ವಾಸನೆ ಬಂದರೆ, ಚರಪರ ಸದ್ದಾದರೆ ಆ ಸಾಕೆಟ್ ಬಳಸುವುದನ್ನು ಅಂದೇ ನಿಲ್ಲಿಸಿ, ಅದರ ಎಂಸಿಬಿ ಇಳಿಸಿ. ಹಳೆಯ ಕಟ್ಟಡ ಎಂದಿರಿ. ಒಳಗೆ ಅಲ್ಯೂಮಿನಿಯಂ ತಂತಿ ಕಂಡರೆ ಅದಕ್ಕೆ ತಾಮ್ರವನ್ನು ನೇರ ತಿರುಚಿ ಸೇರಿಸಲು ಯಾರಿಗೂ ಬಿಡಬೇಡಿ. ಆ ಜೋಡಣೆ ಸಡಿಲಾಗುತ್ತಲೇ ಹೋಗುತ್ತದೆ.

ಇನ್ನು ‘ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಿ’ ಎಂಬ ಮಾತು. ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಬೇಕಾದ್ದು ಏನು ಎಂದು ಅವರು ಕೇಳಿಲ್ಲ, ನೀವು ಹೇಳಿಲ್ಲ. ಮನೆ ಖಾಲಿ ಮಾಡುವ ದಿನ ಮುಂಗಡದಿಂದ ಹಣ ಹಿಡಿದರೆ ಆ ಫೋನ್ ಮಾತು ನಿಮ್ಮ ನೆರವಿಗೆ ಬರುವುದಿಲ್ಲ. ಬೆಂಕಿ ಬಿದ್ದರೆ ವಿಮೆಯವರೂ ಅದನ್ನು ಕೇಳುವುದಿಲ್ಲ. ಆದ್ದರಿಂದ ಅವರಿಗೆ ನಾಲ್ಕು ಸಾಲು ಬರೆಯಿರಿ: ಯಾವ ಕೋಣೆಗೆ, ಎಷ್ಟು ದಪ್ಪದ ತಂತಿಯ ಯಾವ ಲೈನ್, ಯಾರಿಂದ, ಯಾರ ಖರ್ಚಿನಲ್ಲಿ, ಹೋಗುವಾಗ ಬಿಚ್ಚಬೇಕೋ ಬಿಡಬೇಕೋ. ‘ಸರಿ’ ಎಂಬ ಒಂದು ಉತ್ತರ ಬರವಣಿಗೆಯಲ್ಲಿ ಬರಲಿ. ನ್ಯೂಟ್ರಲ್ ದೋಷ, ಆರ್‌ಸಿಸಿಬಿ ಇಲ್ಲದಿರುವುದು, ಅರ್ಥ್ ಇಲ್ಲದಿರುವುದು ಸುರಕ್ಷತೆಯ ಕೊರತೆಗಳು, ಅವುಗಳ ಖರ್ಚು ಮಾಲೀಕರದೇ ಎಂದು ಧೈರ್ಯವಾಗಿ ಕೇಳಿ. ಎಸಿ ಲೈನ್ ನಿಮ್ಮ ಅನುಕೂಲಕ್ಕೆ, ಆದರೆ ಉಳಿಯುವುದು ಅವರ ಮನೆಯಲ್ಲಿ. ಅರ್ಧರ್ಧ ಹಂಚಿಕೊಳ್ಳೋಣ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗೋಡೆಗೆ ಬಿಗಿದದ್ದು ಕಟ್ಟಡಕ್ಕೆ ಸೇರಿದ್ದು ಎಂದು ವಾದ ಬರುವುದು ಸಾಮಾನ್ಯ. ನಿಮ್ಮ ಫ್ಯಾನ್, ನಿಮ್ಮ ದೀಪ ನಿಮ್ಮದೇ ಎಂದು ಮೊದಲೇ ಬರೆದಿಟ್ಟರೆ ಆ ವಾದ ಹುಟ್ಟುವುದಿಲ್ಲ. ಕಳಚಿದ ಹಳೆಯ ಫ್ಯಾನ್, ಹೋಲ್ಡರ್‌ಗಳನ್ನು ಸ್ಕ್ರೂ ಸಮೇತ ಒಂದು ಪೆಟ್ಟಿಗೆಯಲ್ಲಿ ಹಾಕಿ ಅಟ್ಟದ ಮೇಲಿಡಿ.

ಎಲೆಕ್ಟ್ರಿಷಿಯನ್ ಪರವಾನಗಿ ಇರುವವರಾಗಿರಲಿ. ಕೆಲಸ ಮುಗಿದ ಮೇಲೆ ಹೊಸ ಲೈನಿನ ಅರ್ಥ್ ಡಿಬಿಯವರೆಗೂ ಇದೆಯೇ, ಇನ್ಸುಲೇಷನ್ ಸರಿಯಿದೆಯೇ ಎಂದು ಉಪಕರಣ ಇಟ್ಟು ಅಳೆದು, ಆ ಅಂಕಿಗಳನ್ನು ಬಿಲ್ಲಿನ ಮೇಲೇ ಬರೆದುಕೊಡಲಿ. ಅವರು ಹೊರಡುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ನೀವೇ ಒತ್ತಿ, ಅದು ಟಕ್ಕನೆ ಬೀಳುವುದನ್ನು ನೋಡಿ. ಆಮೇಲೆ ಒಂದು ಹಾಳೆಯಲ್ಲಿ ಎಂಸಿಬಿಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಅದಕ್ಕೆ ಸೇರಿದ ಸಾಕೆಟ್‌ಗಳು, ತಂತಿಯ ದಪ್ಪ, ಹೊಸ ಲೈನ್ ಹಾಕಿದ ತಾರೀಖು ಇಷ್ಟನ್ನು ನಮೂದಿಸಿ, ಡಿಬಿಯ ಬಾಗಿಲ ಒಳಮೈಗೆ ಅಂಟಿಸಿ. ಮನೆ ಬಿಡುವಾಗ ಅದನ್ನು ಹಾಗೇ ಬಿಟ್ಟು ಹೋಗಿ.